ಹಾಕದೆ ಬಿಟ್ಟ ನಂಬರು

ಅರಕಲಗೂಡಿನ ಪೇಟೆಯಲ್ಲಿ ನಮ್ಮಪ್ಪನದು ರೇಡಿಯೋ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ನಾನು ಬೆಸುಗೆ ಹಾಕಲು ಕಲಿತದ್ದು ಅಲ್ಲೇ. ರಿಪೇರಿಯಾದ ಸೆಟ್ಟು ವಾರದೊಳಗೆ ವಾಪಸ್ಸು ಬಂದರೆ ಅಪ್ಪ ಗಿರಾಕಿಯ ಎದುರೇ ಬಿಚ್ಚುತ್ತಿದ್ದರು. ತಮ್ಮ ಬೆಸುಗೆಯೇ ಬಿಟ್ಟಿದ್ದರೆ "ತಪ್ಪು ನಂದೇ ಕಣಪ್ಪ" ಎಂದು ರಸ್ತೆಗೆ ಕೇಳುವ ಹಾಗೆ ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಹೀಗೆ ಹೇಳಿಕೊಂಡರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಗೊಣಗಿದರೆ, "ಸೆಟ್ನ ಬಯ್ಯೋಕ್ ಮುಂಚೆ ನಿನ್ ಕೈ ನೋಡ್ಕೊಳ್ಲಾ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ನಾನು ಕರಾವಳಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬೋಟುಗಳಿಗೆ ವೈರ್‌ಲೆಸ್ಸು, ರೇಡಾರು ಕೂರಿಸುವ ಕೆಲಸ. ಆಗ ಹೊಸದಾಗಿ ಎಐಎಸ್ ಎಂಬ ಯಂತ್ರ ಬಂದಿತ್ತು. ಬೋಟು ತಾನು ಎಲ್ಲಿದ್ದೇನೆ, ಯಾವ ಕಡೆ ಹೊರಟಿದ್ದೇನೆ ಎಂದು ಅದು ಸುತ್ತಲಿನವರಿಗೆ ಸಾರುತ್ತದೆ. ಅದೇ ಯಂತ್ರವಿರುವ ಬೇರೆ ಬೋಟು ತೀರಾ ಹತ್ತಿರ ಬಂದರೆ, ಬೋಟು ನಡೆಸುವವನ ಎದುರಿನ ಪರದೆ ಅಲಾರಂ ಹೊಡೆಯುತ್ತದೆ. ಪ್ರತಿ ಬೋಟಿಗೂ ಒಂಬತ್ತು ಅಂಕಿಯ ನಂಬರು ಇರುತ್ತದೆ. ಅದನ್ನು ಯಂತ್ರಕ್ಕೂ ಹಾಕಬೇಕು, ಪರದೆಗೂ ಹಾಕಬೇಕು. ಪರದೆಗೆ ಹಾಕದಿದ್ದರೆ ಅದಕ್ಕೆ ತನ್ನ ಬೋಟೇ ಗುರುತು ಸಿಗುವುದಿಲ್ಲ.

ಸಮುದ್ರದಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ಸಾಮಾನು ಸಾಗಿಸುವ ಬೋಟೊಂದಕ್ಕೆ ಒಂದು ಶುಕ್ರವಾರ ಈ ಯಂತ್ರ ಕೂರಿಸಿದೆ. ಭಾನುವಾರ ಚನ್ನರಾಯಪಟ್ಟಣದಲ್ಲಿ ಹೆಣ್ಣು ನೋಡುವುದಿತ್ತು. ಹಾಸನದ ಬಸ್ಸಿಗೆ ಹೊತ್ತಾಗುತ್ತದೆಂದು ಪರದೆಗೆ ನಂಬರು ಹಾಕದೆ ಎದ್ದುಬಿಟ್ಟೆ. ಸೋಮವಾರ ಬಂದು ಹಾಕಿದರಾಯಿತು ಎಂದುಕೊಂಡೆ.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೈಗೆ ಬಂದಿತ್ತಷ್ಟೆ, ಫೋನು ಬಂತು. ಆ ಬೋಟು ನಡೆಸುವ ತಂಡೇಲ.

"ಯಾವುದೋ ಬೋಟು ಗುದ್ದುತ್ತದೆ ಅಂತ ಕೂಗ್ತಾ ಉಂಟು ಮಾರಾಯ್ರೆ. ಸುತ್ತ ನೋಡಿದ್ರೆ ಒಂದು ದೋಣಿಯೂ ಇಲ್ಲ. ಎಂತ ಮಾಡುದು?"

ಪರದೆ ತನ್ನದೇ ಬೋಟನ್ನು ಕಂಡು ಹೆದರುತ್ತಿದೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಹೊಳೆಯುತ್ತಿತ್ತು. ಆದರೆ ಎದುರಿಗೆ ಹುಡುಗಿಯ ತಂದೆ, ಮೂವರು ದೊಡ್ಡಪ್ಪಂದಿರು ಕಿವಿಯಾಗಿ ಕೂತಿದ್ದರು. ನಾನು ಗತ್ತಿನಿಂದ, "ಅದು ಸುಳ್ಳು ಅಲಾರಂ. ಸೌಂಡ್ ಆಫ್ ಮಾಡ್ಬಿಡಿ" ಎಂದೆ. ಹುಡುಗಿಯ ತಂದೆ ಪಕ್ಕದವರಿಗೆ, "ಇಲ್ ಕೂತ್ಕಂಡೇ ಸಮುದ್ರದಾಗಿನ ಬೋಟ್ ರಿಪೇರಿ ಮಾಡ್ಬುಟ್ರು ನೋಡ್ಲಾ" ಎಂದರು. ನಾನು ಉಬ್ಬಿಹೋದೆ. ಮಾತುಕತೆಗೆಂದು ಇನ್ನೆರಡು ದಿನ ಅಲ್ಲೇ ಉಳಿದೆ.

ಮಂಗಳವಾರ ಬೆಳಿಗ್ಗೆ ಮಂಜಿನಲ್ಲಿ ಆ ಬೋಟು ಇನ್ನೊಂದಕ್ಕೆ ಗುದ್ದಿತು. ಆ ಇನ್ನೊಂದರಲ್ಲೂ ಇದೇ ಯಂತ್ರವಿತ್ತು. ಸದ್ದು ಇದ್ದಿದ್ದರೆ ತಂಡೇಲನಿಗೆ ಮೊದಲೇ ತಿಳಿಯುತ್ತಿತ್ತು. ಗುದ್ದಿಸಿಕೊಂಡ ಬೋಟಿನಲ್ಲಿದ್ದ ಕೆಲಸಗಾರನೊಬ್ಬನ ಮಣಿಕಟ್ಟು ಮುರಿಯಿತು.

ನಾನು ಹೋಗಿ ಮೊದಲು ಮಾಡಿದ ಕೆಲಸವೆಂದರೆ ಪರದೆಗೆ ನಂಬರು ಹಾಕಿದ್ದು. ಎರಡು ನಿಮಿಷವೂ ಹಿಡಿಯಲಿಲ್ಲ. ತಂಡೇಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ವರದಿಯಲ್ಲಿ "ಯಂತ್ರ ಸರಿಯಾಗಿದೆ, ಅಲಾರಂ ಆಫ್ ಆಗಿತ್ತು" ಎಂದು ಬರೆದೆ. ಒಂದಕ್ಷರವೂ ಸುಳ್ಳಲ್ಲ. ವಿಚಾರಣೆಯಲ್ಲಿ ತಂಡೇಲ ನನ್ನ ಹೆಸರೆತ್ತಲಿಲ್ಲ, ಆಫ್ ಮಾಡಿದ್ದು ತಾನೇ ಎಂದ. ಇಪ್ಪತ್ತು ವರ್ಷ ಬೋಟು ನಡೆಸಿದವನನ್ನು ದಡಕ್ಕೆ ಇಳಿಸಿ ಗೋಡೌನು ಕಾಯಲು ಹಾಕಿದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಸಂಬಂಧ ಮುರಿಯುತ್ತದೆ ಎಂಬ ಭಯ. ನಾನು ಹೇಡಿ, ಬೇರೆ ಮಾತಿಲ್ಲ.

ಮದುವೆಯ ಕಾಗದ ಆಫೀಸಿನವರಿಗೆಲ್ಲ ಹಂಚುವಾಗ ತಂಡೇಲನಿಗೂ ಒಂದು ಕೊಟ್ಟಿದ್ದೆ, ಬರಲಾರನೆಂಬ ಧೈರ್ಯದಲ್ಲಿ. ಅವನು ಹಾಸನದಲ್ಲಿ ಬಸ್ಸು ಬದಲಿಸಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ಚನ್ನರಾಯಪಟ್ಟಣದ ಛತ್ರಕ್ಕೆ ಬಂದ. ನನ್ನ ಮಾವನಿಗೆ ಪರಿಚಯ ಹೇಳಿದೆ.

"ಅವತ್ತು ಫೋನ್ ಮಾಡಿದ್ರಲ್ಲ, ಅವ್ರೇನಾ ಇವ್ರು?" ಎಂದರು ಮಾವ.

"ಹೌದು, ನಾನೇ" ಎಂದ ತಂಡೇಲ. ಆಮೇಲೆ ನನ್ನ ಕಡೆ ತಿರುಗಿ, "ನೀವು ನಂಬರ್ ಹಾಕಿದ ಮೇಲೆ ಅದು ಸುಮ್ಮನೆ ಕೂಗುದೇ ಇಲ್ಲ ಅಂತೆ. ಹೊಸ ತಂಡೇಲ ಹೇಳ್ತಿದ್ದ. ನಾನೀಗ ಗೋಡೌನಲ್ಲಲ್ವಾ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಪ್ಪ ಪಕ್ಕದಲ್ಲೇ ನಿಂತಿದ್ದರು.

"ಯಾವ್ ನಂಬರ್ಲಾ? ಮೊದ್ಲೇ ಹಾಕಿರ್ನಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಸಿಂಗ ಸರಿಮಾಡಿಕೊಂಡೆ. ನಲವತ್ತು ವರ್ಷ ಸೆಟ್ಟು ಬಿಚ್ಚಿದ ಅಪ್ಪನಿಗೆ ಅಷ್ಟು ಸಾಕಾಯಿತು. ಅವರು ತಂಡೇಲನ ಎರಡೂ ಕೈ ಹಿಡಿದುಕೊಂಡರು.

"ತಪ್ಪು ನಮ್ದೇ ಕಣಪ್ಪ" ಎಂದರು, ಅಂಗಡಿಯಲ್ಲಿ ಹೇಳುತ್ತಿದ್ದಷ್ಟೇ ಜೋರಾಗಿ. "ಬನ್ನಿ, ಮೊದ್ಲು ಊಟ ಮಾಡಿ."

ಅವನನ್ನು ಪಂಕ್ತಿಯಲ್ಲಿ ಕೂರಿಸಿ, ತಾವೇ ನಿಂತು ಬಡಿಸಿದರು. ಆ ಮಾತು ಹೇಳಬೇಕಾಗಿದ್ದವನು ನಾನು. ಅವತ್ತೂ ಹೇಳಲಿಲ್ಲ.