ಅವ್ವ ಕೈ ತೆಗೆಯಲಿಲ್ಲ

ಆಗೆಲ್ಲ ನಮ್ಮ ಮೇಲವಂಕಿಯಲ್ಲಿ ಯಾರ ಕಾಲಿಗೆ ಮುಳ್ಳು ಮುರಿದರೂ, ಯಾರ ಕೂಸಿಗೆ ಜ್ವರ ಬಂದರೂ ಮೊದಲು ನೆನಪಾಗುತ್ತಿದ್ದದ್ದು ನಮ್ಮವ್ವ. ಊರಿನ ಸರಕಾರಿ ದವಾಖಾನೆಗೆ ಅವಳೊಬ್ಬಳೇ ನರ್ಸು. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಅವ್ವನ ಸೆರಗಿಗೆ ಸ್ಪಿರಿಟ್ಟಿನ ವಾಸನೆ, ಅಪ್ಪನ ಕಂಬಳಿಗೆ ಕುರಿಯ ವಾಸನೆ. ಅವೆರಡರ ನಡುವೆ ಮಲಗಿ ಬೆಳೆದವಳು ನಾನು.

ನಾನು ಐದನೇ ಇಯತ್ತೆಯಲ್ಲಿದ್ದ ಚಳಿಗಾಲವದು. ಹೊಲಗಳಲ್ಲಿ ಕಡಲೆ ಕಾಯಿಗಟ್ಟಿತ್ತು. ಅಪ್ಪನ ತಮ್ಮ ಮಲ್ಲಕಾಕಾನ ಮಗಳು ರೇಣುಕಾ ಮತ್ತು ನಾನು ಹಸಿ ಕಡಲೆಯ ಹುಳಿಗೆ ತುಟಿ ಚುರುಗುಟ್ಟುವವರೆಗೂ ತಿಂದು, ದವಾಖಾನೆಯ ಕಟ್ಟೆಯ ಮೇಲೆ ಹರಳು ಚಿಮ್ಮಿ ಆಣಿಕಲ್ಲು ಆಡುತ್ತಿದ್ದೆವು.

ಒಂದು ರವಿವಾರ ಮಧ್ಯಾಹ್ನ ಅಪ್ಪನ ಕುರಿಗಳು ಪಕ್ಕದ ಹೊಲದ ನಿಂಗಪ್ಪನ ಕಡಲೆಗೆ ನುಗ್ಗಿದವು. ಬೈದಾಡಿ ಮುಗಿಯಬೇಕಿದ್ದ ಜಗಳ. ಆದರೆ ಸಿಟ್ಟಿನಲ್ಲಿ ನಿಂಗಪ್ಪ ಒಂದು ಗಬ್ಬದ ಕುರಿಯ ಕಾಲು ಮುರಿದ. ಅಪ್ಪ ಅವನ ಕೊರಳಪಟ್ಟಿ ಹಿಡಿದ. ನಿಂಗಪ್ಪನ ಕೈಯಲ್ಲಿದ್ದ ಕುಡುಗೋಲು ಅಪ್ಪನ ತಲೆಯನ್ನು ಸೀಳಿತು. ಅದನ್ನು ಕಂಡು ಓಡಿಬಂದ ಮಲ್ಲಕಾಕಾ ನಿಂಗಪ್ಪನ ತೊಡೆಗೆ ಕೊಡಲಿ ಹಾಕಿದ. ಇದಿಷ್ಟನ್ನೂ ಆಮೇಲೆ ಮಂದಿ ಹೇಳಿದ್ದು.

ನಾನು ಕಂಡದ್ದು, ಇಬ್ಬರನ್ನೂ ಒಂದೇ ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದ್ದನ್ನು. ಅಪ್ಪನ ಮುಖವೆಲ್ಲ ಕೆಂಪಾಗಿತ್ತು. "ನನ್ನ ತಲಿ ಒಡದಾನ, ನೋಡ ಬಾರೇ!" ಎಂದು ಅವ್ವನನ್ನು ಕೂಗುತ್ತಿದ್ದ. ನಿಂಗಪ್ಪನಿಗೆ ದನಿಯೇ ಇರಲಿಲ್ಲ. ಅವನ ತೊಡೆಯಿಂದ ರಕ್ತ ಚಿಲ್ ಚಿಲ್ಲೆಂದು ಚಿಮ್ಮುತ್ತಿತ್ತು. ಅವ್ವ ಇಬ್ಬರನ್ನೂ ಒಮ್ಮೆ ನೋಡಿದಳು. ನನ್ನ ಕೈಗೆ ಅರಿವೆ ಕೊಟ್ಟಳು.

"ಸಾವಿತ್ರಿ, ಅಪ್ಪನ ತಲಿ ಮ್ಯಾಲ ಒತ್ತಿ ಹಿಡಿ. ನಾ ಹೇಳೂತನ ಬಿಡಬ್ಯಾಡ."

ತಾನು ನಿಂಗಪ್ಪನ ತೊಡೆಗೆ ಪಟ್ಟಿ ಬಿಗಿದು, ಗಾಯದೊಳಗೆ ಬಟ್ಟೆ ತುರುಕಿ ಎರಡೂ ಅಂಗೈಯಿಂದ ಅದುಮಿದಳು. ನನ್ನ ಬೆರಳ ಸಂದಿನಿಂದ ಅಪ್ಪನ ಬಿಸಿ ರಕ್ತ ಮೊಣಕೈವರೆಗೂ ಇಳಿಯುತ್ತಿತ್ತು.

ಅಷ್ಟರಲ್ಲಿ ಮಲ್ಲಕಾಕಾ ಬಂದ. ಕೊಡಲಿ ಕೈಯಲ್ಲೇ ಇತ್ತು.

"ವೈನಿ, ಬಾಜೂಕ ಸರೀರಿ."

"ಸರದ್ರ ಈತ ಸಾಯ್ತಾನ ಮಲ್ಲಪ್ಪ. ಹೊರಗ ನಡಿ."

"ಸಾಯ್ಲಿ ಅಂತನ ಬಂದೇನಿ!"

ಅವ್ವ ಮೈಯನ್ನು ನಿಂಗಪ್ಪನಿಗೆ ಅಡ್ಡ ಮಾಡಿದಳು. ಕಾಕಾ ಅವಳ ತುರುಬು ಹಿಡಿದು ಜಗ್ಗಿದ. ಅವಳು ಕದಲಲಿಲ್ಲ. ಅವನು ಕೊಡಲಿಯ ಹಿಂಬದಿಯಿಂದ ಅವಳ ಎಡ ಮೊಣಕೈಗೆ ಹೊಡೆದ. ಲಟಕ್ಕೆಂದ ಸದ್ದು ನನಗೆ ಕೇಳಿಸಿತು. ಎಡಗೈ ಜೋತುಬಿತ್ತು. ಅವ್ವ ಒಮ್ಮೆ ನರಳಿದಳು, ಅಷ್ಟೆ. ಬಲಗೈ ಗಾಯದ ಮೇಲೇ ಇತ್ತು. ಅದರ ಮೇಲೆ ಮೊಣಕಾಲು ಏರಿಸಿ ಇನ್ನಷ್ಟು ಬಲವಾಗಿ ಒತ್ತಿದಳು.

"ಯಪ್ಪಾ! ದೊಡ್ಡವ್ವಗ ಹೊಡೀಬ್ಯಾಡ ಯಪ್ಪಾ!"

ಬಾಗಿಲಲ್ಲಿ ನಿಂತು ಚೀರಿದ್ದು ರೇಣುಕಾ. ಕಾಕಾ ಮಗಳ ಕಡೆ ತಿರುಗಿದ. ಕೊಡಲಿ ನೆಲಕ್ಕೆ ಬಿತ್ತು. ಹೊರಗೆ ಹೋಗಿ ಅಂಗಳದಲ್ಲಿ ಕುಕ್ಕರಿಸಿ, ಪೊಲೀಸರು ಬರುವವರೆಗೂ ಅಲ್ಲೇ ಕುಳಿತಿದ್ದ.

ಅಪ್ಪ, ಅವ್ವ, ನಿಂಗಪ್ಪ ಮೂವರನ್ನೂ ಒಂದೇ ಟೆಂಪೋದಲ್ಲಿ ಗೋಕಾಕದ ದೊಡ್ಡ ದವಾಖಾನೆಗೆ ಒಯ್ದರು. ನಿಂಗಪ್ಪ ಉಳಿದ. ಅಪ್ಪನ ತಲೆಗೆ ಹೊಲಿಗೆ, ಅವ್ವನ ಕೈಗೆ ಪ್ಲಾಸ್ಟರು. ಮರುದಿನ ಅಪ್ಪ ಕೇಳಿದ, "ಗಂಡನ್ನ ಬಿಟ್ಟು ಹೊಡದಾಂವನ ಕಡೆ ಹೋದೆಲ್ಲ?"

"ನೀವು ಮಾತಾಡಾಕತ್ತಿದ್ರಿ," ಎಂದಳು ಅವ್ವ. "ಅಂವಗ ಮಾತು ನಿಂತಿತ್ತು."

ಅಪ್ಪ ಗೋಡೆಯ ಕಡೆ ಮಗ್ಗಲು ಬದಲಿಸಿದ.

ಗೋಕಾಕದ ಕೋರ್ಟಿನಲ್ಲಿ ಅವ್ವ ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಮಲ್ಲಕಾಕಾ ಜೈಲಿಗೆ ಹೋದ. ಮೈದುನನನ್ನು ಜೈಲಿಗೆ ಕಳಿಸಿದವಳು ಎಂದು ನಮ್ಮವರೆಲ್ಲ ಅವಳ ಕೈಯಿಂದ ನೀರು ಇಸಿದುಕೊಳ್ಳುವುದನ್ನೂ ಬಿಟ್ಟರು. ಅವಳು ಹುಕ್ಕೇರಿ ತಾಲೂಕಿನ ದಡ್ಡಿಗೆ ವರ್ಗ ಮಾಡಿಸಿಕೊಂಡು ನನ್ನನ್ನು ಕರೆದೊಯ್ದಳು. ಅಪ್ಪ ಬರಲಿಲ್ಲ. ಎಂಟು ತಿಂಗಳ ಮೇಲೆ ಒಂದು ಮುಂಜಾನೆ ಹೆಗಲ ಮೇಲೆ ಜೋಳದ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ. ಅವ್ವ ಏನನ್ನೂ ಕೇಳದೆ ಒಂದೇ ಕೈಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಆ ಎಡಗೈ ಮತ್ತೆಂದೂ ನೆಟ್ಟಗಾಗಲಿಲ್ಲ. ಆ ಕೈಯಲ್ಲೇ ದಡ್ಡಿಯ ಅದೆಷ್ಟು ಕೂಸುಗಳನ್ನು ಎತ್ತಿಕೊಂಡಳೋ!

ರೇಣುಕಾಳನ್ನು ಮೂಡಲಗಿಗೆ ಕೊಟ್ಟಿದ್ದಾರೆ. ಹಿಂದೊಮ್ಮೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ನಾನು ಹೆಸರು ಹಿಡಿದು ಕರೆಯುವಷ್ಟರಲ್ಲಿ ಸೆರಗು ಮುಂದೆಳೆದುಕೊಂಡು ಬೇರೆ ಬಸ್ಸು ಹತ್ತಿದಳು. ಅಂದು ಅವ್ವನನ್ನು ಉಳಿಸಿದ್ದು ಅವಳ ದನಿ. ಅದನ್ನು ಅವಳಿಗೆ ಹೇಳುವ ದಾರಿಯೇ ನನಗೆ ಉಳಿದಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ದಿನಕರ್ಮ ಮುಗಿದ ಸಂಜೆ ಅಪ್ಪ ನನ್ನ ಬಳಿ ಬಂದು ಕುಳಿತ.

"ಅವತ್ತ ಆಕಿ ಮಾಡಿದ್ದ ಸರಿ ಇತ್ತವ್ವ," ಎಂದ.

"ಅವ್ವಗ ಹೇಳಿದ್ಯಾ ಅಪ್ಪಾ?"



"ಇಲ್ಲ," ಎಂದ. "ಆಕಿ ಕೇಳಲೇ ಇಲ್ಲ."