ಅಮರಗೋಳ ಮುಟ್ಟದ ಬಾಯಾರು

ಮುರಿಗೆವ್ವ ಬಾಯಾರು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು. ಹೊಲಿಗೆ ಕೂತು ಮಾಡುವ ಕೆಲಸ, ಮತ್ತು ಕೂತು ಮಾಡುವ ಯಾವ ಕೆಲಸವನ್ನೂ ಅವರು ಬೇಡ ಅಂದವರಲ್ಲ. ಮನೆಯಿಂದ ಶಾಲೆಗೆ ರಸೂಲಸಾಬನ ಟಾಂಗಾ, ಶಾಲೆಯಲ್ಲಿ ಕೈಯಿರುವ ಕುರ್ಚಿ, ಸಂಜೆ ಮನೆಗೆ ಬಂದರೆ ತೂಗುಮಂಚ. ದೇವರು ತಮಗೆ ಕಾಲು ಕೊಟ್ಟದ್ದು ಕಾಲುಂಗುರ ಹಾಕಿಕೊಳ್ಳಲಿಕ್ಕೆ ಎಂದು ಅವರೇ ಹೇಳಿಕೊಂಡು, ಎಲ್ಲರಿಗಿಂತ ಮೊದಲು ತಾವೇ ನಗುತ್ತಿದ್ದರು. ಟಾಂಗಾ ಹತ್ತುವಾಗ ಕುದುರೆ ಹಿಂದಿರುಗಿ ನೋಡಿದರೆ ಅದರ ಕ್ಷಮೆಯನ್ನೂ ಕೇಳುತ್ತಿದ್ದರು.

ಇಂಥವರು ಹುಡುಗಿಯರ ಟ್ರಿಪ್ಪಿಗೆ ಮುಂದಾಳಾದದ್ದು ತಮ್ಮ ಬಾಯಿಯ ದೆಸೆಯಿಂದ. ಅದು ಅರವತ್ತೊಂದರ ಚಳಿಗಾಲ. ಭೂಗೋಳದ ಬಾಯಾರು ಬಾಣಂತನಕ್ಕೆ ತವರಿಗೆ ಹೋಗಿದ್ದರು. ಒಂಬತ್ತನೆಯ ಕ್ಲಾಸಿನ ಹುಡುಗಿಯರನ್ನು ಅಮರಗೋಳದ ಹಳೆಯ ಕಲ್ಲಿನ ಗುಡಿ ನೋಡಲಿಕ್ಕೆ ನಡೆಸಿಕೊಂಡು ಹೋಗುವವರು ಯಾರು ಎಂದು ಹೆಡ್‌ಬಾಯಾರು ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿದರು. ಮುರಿಗೆವ್ವ ಬಾಯಾರು ಮಾತ್ರ ಹಲ್ಲಿನಲ್ಲಿ ದಾರ ಕಡಿಯುತ್ತ, "ನಾ ಉಳವಿಗೆ ನಡದು ಹೋಗಿ ಬಂದಾಕಿ. ಅಮರಗೋಳ ಏನ್ ಮಹಾ?" ಅಂದುಬಿಟ್ಟರು.

ಉಳವಿಯ ಜಾತ್ರೆಗೆ ಅವರು ಹೋಗಿ ಬಂದದ್ದು ಖರೆ. ಆದರೆ ಹೋದದ್ದು ಚಕ್ಕಡಿಯಲ್ಲಿ, ಎರಡು ಹಾಸಿಗೆ ಹಾಸಿಕೊಂಡು. ಘಟ್ಟದ ಒಂದು ಏರಿನಲ್ಲಿ ಎತ್ತುಗಳಿಗೆ ಆಯಾಸವಾದೀತೆಂದು ಗಂಡಸರು ಎಲ್ಲರನ್ನೂ ಇಳಿಸಿದ್ದರು. ಆ ಏರಿನಷ್ಟು ದೂರವನ್ನೇ ಬಾಯಾರು ಇಷ್ಟು ವರ್ಷ ಬೆಳೆಸುತ್ತ ಬಂದು ಇಡೀ ಉಳವಿ ಮಾಡಿಕೊಂಡಿದ್ದರು. ಹೆಡ್‌ಬಾಯಾರಿಗೆ ಇದೆಲ್ಲ ಗೊತ್ತಿರಲಿಲ್ಲ.

ದಿನ ಗೊತ್ತು ಮಾಡಿದವರೂ ಮುರಿಗೆವ್ವ ಬಾಯಾರೇ. ಪಾಠ ತಪ್ಪಬಾರದೆಂದು ಎಳ್ಳಮಾವಾಸ್ಯೆಯ ರಜೆಯ ದಿನವನ್ನೇ ಆರಿಸಿದರು. ಅವರು ಹುಟ್ಟಿದ್ದು ಕಾಳಿನ ವ್ಯಾಪಾರಿಗಳ ಮನೆಯಲ್ಲಿ. ಹೊಲ ಎಂದರೆ ಅವರ ಪಾಲಿಗೆ ಜೋಳದ ಚೀಲಗಳು ಹೊರಟುಬರುವ ಯಾವುದೋ ಜಾಗ. ಅಮಾವಾಸ್ಯೆಯ ದಿನ ಆ ಜಾಗದಲ್ಲಿ ಏನು ನಡೆಯುತ್ತದೆ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಉಳಿದ ಹುಡುಗಿಯರ ಮನೆಯವರೆಲ್ಲ ಒಪ್ಪಿದರು. ತಕರಾರು ಬಂದದ್ದು ಟಾಂಗಾದ ರಸೂಲಸಾಬನಿಂದ. ಅವನ ಮಗಳು ಆಬೀದಾ ಕ್ಲಾಸಿಗೇ ಜಾಣೆ. ಅವಳು ಹಾಕಿದ ಕಸೂತಿಯ ಹಿಂಬದಿ ಯಾವುದು ಮುಂಬದಿ ಯಾವುದು ಎಂದು ಬಾಯಾರಿಗೇ ಗೊತ್ತಾಗುತ್ತಿರಲಿಲ್ಲ. ಏಳನೆಯ ಇಯತ್ತೆ ಮುಗಿದ ಮೇಲೆ ಶಾಲೆ ಬಿಡಿಸಲಿಕ್ಕೆ ನಿಂತಿದ್ದ ಅಪ್ಪನನ್ನು ದಿನಾ ಟಾಂಗಾದಲ್ಲಿ ಕೂತು ಕಾಡಿ ಬೇಡಿ ಒಪ್ಪಿಸಿದವರು ಮುರಿಗೆವ್ವ ಬಾಯಾರು.

"ನಿಮ್ಮ ಮಾತಿಗೆ ಈಕಿನ್ನ ಇಲ್ಲೀತನಕ ಕಳಿಸೇನ್ರಿ ಬಾಯಾರ," ಅಂದ ರಸೂಲಸಾಬ. "ಓಣ್ಯಾಗ ಮಂದಿ ಈಗಾಗ್ಲೇ ಏನೇನರ ಅಂತಾರ. ದೀಪಾ ಹಚ್ಚೂದ್ರೊಳಗ ನನ್ನ ಕೂಸು ಮನ್ಯಾಗ ಇರಬೇಕು. ಇರಲಿಲ್ಲಂದ್ರ ನಾಳಿಂದ ಸಾಲಿ ಬಂದ್. ಆಮ್ಯಾಲ ನೀವೂ ಕೇಳಾಕ ಬರಬ್ಯಾಡ್ರಿ."

"ದೀಪಕ್ಕ ಎಣ್ಣಿ ಹಾಕೂದ್ರಾಗ ಮನಿ ಮುಟ್ಟಸ್ತೇನಿ, ರಸೂಲಸಾಬ್ರ," ಅಂದರು ಬಾಯಾರು. ಮಾತು ಕೊಡುವುದೂ ಕೂತಲ್ಲೇ ಆಗುವ ಕೆಲಸವಲ್ಲವೇ.

ಬೆಳಿಗ್ಗೆ ಹತ್ತು ಹನ್ನೆರಡು ಹುಡುಗಿಯರು ಬುತ್ತಿಯ ಗಂಟು ಹಿಡಿದು ಹೊರಟರು. ಧಾರವಾಡದ ರಸ್ತೆಯಲ್ಲಿ ಉಣಕಲ್ಲ ಕೆರೆ ದಾಟುವ ಹೊತ್ತಿಗೆ ಬಾಯಾರು ಹುಡುಗಿಯರಿಗೆ ನೀರುಕೋಳಿ ತೋರಿಸುವ ನೆಪದಲ್ಲಿ ಮೂರು ಸಲ ಕೂತೆದ್ದಿದ್ದರು. ಬೈರಿದೇವರಕೊಪ್ಪ ದಾಟಿದ ಮೇಲೆ, ಹೊಲದೊಳಗಿನ ಚಕ್ಕಡಿ ದಾರಿ ಹಿಡಿದರೆ ಹತ್ತಿರವಾಗುತ್ತದೆ ಎಂದು ಯಾರೋ ಹೇಳಿದರು. ಹತ್ತಿರ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಬಾಯಾರು ಆ ಕಡೆ ತಿರುಗಿದರು.

ಎರೆ ಹೊಲದ ತುಂಬ ಜೋಳ ಎದೆಯೆತ್ತರ ನಿಂತಿತ್ತು. ಹೊಲಹೊಲದಲ್ಲೂ ಚಕ್ಕಡಿಗಳು, ಹೊಸ ಸೀರೆಗಳು, ಮಕ್ಕಳ ಗದ್ದಲ. ಮೊದಲನೆಯ ಹೊಲದಲ್ಲಿ ನೀಲಪ್ಪನೆಂಬ ರೈತ ಬುಟ್ಟಿ ಹಿಡಿದು, ಕೂಗುತ್ತ, ಬೆಳೆಯ ಸುತ್ತ ಚರಗ ಚೆಲ್ಲುತ್ತಿದ್ದ. ಮಾಡಿದ ಅಡುಗೆಯಲ್ಲಿ ಮೊದಲ ಪಾಲು ಭೂಮಿತಾಯಿಗೆ. ಎರಡನೆಯ ಪಾಲು ಆ ಹೊತ್ತಿಗೆ ಹಾದಿಯಲ್ಲಿ ಹಾದುಹೋಗುವವರಿಗೆ ಎಂಬುದು ಬಾಯಾರಿಗೆ ತಿಳಿದದ್ದು, ಅವನ ಹೆಂಡತಿ ಉಡಚವ್ವ ಬಂದು ಅಡ್ಡಗಟ್ಟಿ ನಿಂತಾಗ.

"ಚರಗಾ ಚೆಲ್ಲೂ ಹೊತ್ತಿನ್ಯಾಗ ಹೊಲದಾಗ ಕಾಲಿಟ್ಟೀರಿ. ಉಣ್ಣದ ಹೋದ್ರ ಭೂಮಿತಾಯಿ ಏನಂದಾಳ್ರಿ? ಬರ್ರೆವ್ವಾ, ಕುಂದರ್ರಿ!"

ಇಲ್ಲ ಅನ್ನಲು ಬಾಯಾರು ಬಾಯಿ ತೆರೆದರು. ಅಷ್ಟರಲ್ಲಿ ಎಣ್ಣೆಗಾಯಿಯ ವಾಸನೆ ಬಂತು. ತೆರೆದ ಬಾಯಿ ಬೇರೆ ಕೆಲಸಕ್ಕೆ ಹತ್ತಿತು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಮೊಸರು ಬುತ್ತಿ. ಎದ್ದು ಕೈತೊಳೆದು ಹತ್ತು ಹೆಜ್ಜೆ ಹೋಗುವುದರಲ್ಲಿ ಪಕ್ಕದ ಹೊಲದವರು ಬದುವಿನ ಮೇಲೆ ನಿಂತಿದ್ದರು. "ಅವರ ಹೊಲದಾಗ ಉಂಡೀರಿ. ನಮ್ಮ ಭೂಮಿ ಏನ್ ಮಾಡೇತ್ರಿ ಪಾಪಾ?" ಅಲ್ಲಿಯೂ ಉಂಡದ್ದಾಯಿತು. ಅದರಾಚೆಯವರು ಇನ್ನೂ ಹಟಮಾರಿಗಳು. ಮಕ್ಕಳನ್ನು ಕರೆದುಕೊಂಡು ಗುರುಗಳೇ ನಡೆದು ಬಂದಿದ್ದಾರೆಂದು ಬಾಯಾರ ತಾಟಿಗೆ ಎಲ್ಲರಿಗಿಂತ ಒಂದು ಹೋಳಿಗೆ ಹೆಚ್ಚು. ಅಮರಗೋಳದ ಗುಡಿ ದೂರದಲ್ಲಿ ಎಲ್ಲೋ ಇತ್ತು. ಅದು ಎಲ್ಲೂ ಹೋಗುವುದಿಲ್ಲವಲ್ಲ ಎಂದು ಬಾಯಾರು ಬೇವಿನ ಮರದ ನೆರಳಿನಲ್ಲಿ ಒಂದೇ ಗಳಿಗೆ ಒರಗಿದರು.

"ಬಾಯಾರ... ಬಾಯಾರ, ಹೊತ್ತಾತ್ರಿ."

ಕಣ್ಣು ಬಿಟ್ಟರೆ ಎದುರಿಗೆ ಆಬೀದಾ. ಉಳಿದ ಹುಡುಗಿಯರು ಜೋಳದ ನಡುವೆ ಓಡಾಡುತ್ತಿದ್ದರು. ನೆರಳು ಮರದಿಂದ ದೂರ ಹೋಗಿ ಬದುವಿನ ಆಚೆ ಬಿದ್ದಿತ್ತು. ಹುಡುಗಿ ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. "ಅದೆಷ್ಟೊತ್ತಿನಿಂದ ಎಬ್ಬಸಾಕತ್ತೇನ್ರಿ," ಅಂದಳು.

ಬಾಯಾರು ದಡಬಡಿಸಿ ಎದ್ದು ಕೂತರು. ಹುಡುಗಿಯ ಶಾಲೆಗಾಗಿ ಒಂದು ವರ್ಷ ಟಾಂಗಾದಲ್ಲಿ ಕೂತು ವಾದ ಮಾಡಿದವಳು, ಒಂದು ಮಧ್ಯಾಹ್ನ ಹೋಳಿಗೆ ತಿಂದು ಮಲಗಿ ಅದನ್ನು ಮುಗಿಸಿದೆನಲ್ಲ ಎಂದು ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಉಡಚವ್ವನಿಗೆ ವಿಷಯ ತಿಳಿಸಿದ್ದೇ ತಡ, ನೀಲಪ್ಪ ಎತ್ತು ಹೂಡಿದ. ಹುಡುಗಿಯರು ಒತ್ತೊತ್ತಿಗೆ ಕೂತರು, ಉಡಚವ್ವ ಹತ್ತಿದಳು, ನಾಲ್ಕು ಮಂದಿ ಕೈಕೊಟ್ಟು ಬಾಯಾರನ್ನೂ ಹತ್ತಿಸಿದರು. ಸಣ್ಣ ಹಳ್ಳವೊಂದರ ತನಕ ಚಕ್ಕಡಿ ಹೇಗೋ ಬಂತು. ಆಚೆ ದಂಡೆ ಏರುವಲ್ಲಿ ಎತ್ತುಗಳು ಮೊಣಕಾಲೂರಿದವು. ನೀಲಪ್ಪ ಬಾರಕೋಲು ಎತ್ತಲಿಲ್ಲ. ಆಕಾಶ ನೋಡುತ್ತ, "ಯಾರರ ಒಬ್ಬರು ಇಳದ್ರ ಸಾಕ್ರಿ," ಅಂದ.

ಯಾರೆಂದು ಅವನು ಹೇಳಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎತ್ತುಗಳೂ ಮರ್ಯಾದೆಯಿಂದ ಮುಂದಕ್ಕೇ ನೋಡುತ್ತಿದ್ದವು. ಬಾಯಾರು ಇಳಿದರು. ಚಕ್ಕಡಿ ಹೂವಿನಂತೆ ಮೇಲೆ ಹೋಯಿತು.

ದಂಡೆಯ ಮೇಲೆ ಉಡಚವ್ವ ಅವರಿಗಾಗಿ ಕೈ ಚಾಚಿದಳು. ಬಾಯಾರು ಸೂರ್ಯನನ್ನು ನೋಡಿದರು, ಎತ್ತುಗಳ ಬಾಯಿಯ ನೊರೆ ನೋಡಿದರು, ಆಬೀದಾಳನ್ನು ನೋಡಿದರು. "ನೀವು ಲಗೂ ಹೊಡಕೊಂಡು ಹೋಗ್ರಿ, ಉಡಚವ್ವ. ಈ ಕೂಸನ್ನ ಮೊದಲ ಆಕಿ ಮನಿಗೆ ಮುಟ್ಟಸ್ರಿ."

"ನೀವೋ, ಬಾಯಾರ?"

"ನಾ ಉಳವಿಗೆ ನಡದಾಕಿ," ಅಂದರು ಮುರಿಗೆವ್ವ ಬಾಯಾರು.

ಚಕ್ಕಡಿಯ ಧೂಳು ಇಳಿದ ಮೇಲೆ ಅವರು ನಡೆದರು. ಹುಟ್ಟಿದಾಗಿನಿಂದ ಕೂಡಿಟ್ಟ ಕಾಲುಗಳನ್ನು ಅವತ್ತೇ ಖರ್ಚು ಮಾಡಿದರು. ಚಪ್ಪಲಿಯ ಉಂಗುಷ್ಟದ ಪಟ್ಟಿ ಕಿತ್ತಿತು. ಚಪ್ಪಲಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಬಿಚ್ಚದೆ ಉಳಿದ ತಮ್ಮ ಬುತ್ತಿಯ ಗಂಟು ಇನ್ನೊಂದು ಕೈಯಲ್ಲಿತ್ತು. ತಾವೇ ಕಟ್ಟಿಕೊಂಡು ತಂದ ಊಟ ಅದು, ಎಸೆಯಲಿಕ್ಕೂ ಮನಸ್ಸು ಬರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು, "ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದ. ಅಂಥ ಮುಖ ಮಾಡಿಕೊಂಡಿದ್ದಿರಬೇಕು. ಕೆರೆಯ ನೀರು ಕೆಂಪಾಗಿ ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಚಕ್ಕಡಿ ಮುಟ್ಟಿತೋ ಇಲ್ಲವೋ. ಎಲ್ಲಿಂದಲೋ ಮಸೀದಿಯ ಬಾಂಗು ಕೇಳಿತು. ಬಾಯಾರು ನಿಂತಲ್ಲೇ ನಿಂತು, ಊರಲ್ಲಿ ದೀಪ ಹಚ್ಚಿದರು, ಈಗ ಹಚ್ಚಿದರು, ಅಂದುಕೊಂಡರು.

ಇನ್ನಷ್ಟು ದೂರ ನಡೆದ ಮೇಲೆ ಎದುರಿನಿಂದ ಗೊರಸಿನ ಸದ್ದು ಬಂತು. ಆ ಸದ್ದಿನ ಗುರುತು ಅವರಿಗಿತ್ತು. ಬೈಸಿಕೊಳ್ಳಲಿಕ್ಕೆ ತಯಾರಾಗಿ ರಸ್ತೆಯ ಬದಿಗೆ ಸರಿದು ನಿಂತರು.

ಟಾಂಗಾ ನಿಂತಿತು. ರಸೂಲಸಾಬ ಕೆಳಗಿಳಿದು ಬಾಯಾರ ಬರಿಗಾಲು ನೋಡಿದ, ಕೈಯಲ್ಲಿದ್ದ ಚಪ್ಪಲಿ ನೋಡಿದ.

"ಮುಟ್ಟಿದಳೇನ್ರಿ?" ಅಂದರು ಬಾಯಾರು.

"ಬಾಂಗ್ ಆಗಾಕತ್ತಿತ್ರಿ, ಹೊಸ್ತಿಲದಾಗ ನಿಂತಿದ್ದಳು. ಬಾಯಾರು ನನ್ನ ಸಲುವಾಗಿ ನಡಕೋತ ಬರಾಕತ್ತಾರ ಅಂದಳು. ನನಗ ಖರೇ ಅನಿಸ್ಲಿಲ್ರಿ."

"ಮತ್ತ ನಾಳಿ... ಸಾಲಿ..."

ರಸೂಲಸಾಬ ಲಾಟೀನು ಎತ್ತಿ ಹಿಡಿದ. ಹಿಂದಿನ ಸೀಟಿನಲ್ಲಿ, ಅಮ್ಮನ ಶಾಲು ಹೊದ್ದು, ಎರಡು ಜಡೆಯ ಹುಡುಗಿಯೊಂದು ಕೂತಿತ್ತು. ಊರಿನ ದೀಪಗಳೆಲ್ಲ ಹತ್ತಿದ ಮೇಲೆ, ಊರ ಹೊರಗಿನ ರಸ್ತೆಯಲ್ಲಿ.

"ನಾನೂ ಬರತೇನಿ ಅಂತ ಹಟಾ ಹಿಡದಳ್ರಿ," ಅಂದ ರಸೂಲಸಾಬ ಕುದುರೆಯ ಕಡೆ ನೋಡುತ್ತ. "ಕರಕೊಂಡು ಬಂದೆ."

ಬಾಯಾರಿಗೆ ಅಳು ಬಂತು. ಅತ್ತರು ಕೂಡ. ಆಬೀದಾ ಸರಿದು ಜಾಗ ಮಾಡಿದಳು. ಅಪ್ಪ ಮಗಳು ಇಬ್ಬರೂ ಕೈಕೊಟ್ಟು ಅವರನ್ನು ಮೇಲಕ್ಕೆ ಎಳೆದುಕೊಂಡರು. ಕುದುರೆ ಹಿಂದಿರುಗಿ ನೋಡಿತು.

ಆಬೀದಾ ಮ್ಯಾಟ್ರಿಕ್ ಮುಗಿಸಿದಳು. ಆ ಮೇಲಿನ ಪ್ರತಿ ಟ್ರಿಪ್ಪಿಗೂ ಮುರಿಗೆವ್ವ ಬಾಯಾರೇ ಮುಂದಾಳು, ಹಿಂದೆ ರಸೂಲಸಾಬನ ಖಾಲಿ ಟಾಂಗಾ. ಅವರು ಎಲ್ಲಿಯಾದರೂ ನಿಂತರೆ ಅದೂ ನಿಲ್ಲುತ್ತಿತ್ತು. ಹತ್ತಿರಿ ಎಂದು ಅವನು ಎಷ್ಟು ಕರೆದರೂ ಬಾಯಾರು, ಹುಡುಗಿಯರು ನಡೆಯುವಷ್ಟು ದೂರ, ಹತ್ತುತ್ತಿರಲಿಲ್ಲ. ಅಮರಗೋಳದ ಗುಡಿಯನ್ನು ಮಾತ್ರ ಅವರು ಇವತ್ತಿನ ತನಕ ನೋಡಿಲ್ಲ. ಆ ಕಡೆ ಹೊರಟಾಗಲೆಲ್ಲ ಹಾದಿಯಲ್ಲಿ ಉಡಚವ್ವನ ಹೊಲ ಬರುತ್ತದೆ.