ಸುರೇಬಾನದ ಎರಡು ಬೆಂಚು

ಮತದಾನದ ದಿನ. ರಾಮದುರ್ಗದ ಬಸ್ಸಿಗೆ ಕಾಯುತ್ತ ಸುರೇಬಾನದ ಚಹಾದಂಗಡಿಯಲ್ಲಿ ಎಡಗಡೆಯ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಟೇಲರ್ ರಾಜೇಸಾಬರು ಸರಿದು ಜಾಗ ಕೊಟ್ಟು, "ನೀವೂ ನಮ್ಮ ಪಕ್ಷದವ್ರೇನ್ರಿ?" ಅಂದರು. ಇಲ್ಲಿ ಪಕ್ಷಕ್ಕೊಂದು ಬೆಂಚಂತೆ. ನನಗೇನು ಗೊತ್ತು!

ಚಹಾ ಮುಗಿಯುವವರೆಗೂ ಅವರು ಬೈದದ್ದು ತಮ್ಮದೇ ಪಕ್ಷದ ಅಭ್ಯರ್ಥಿಯನ್ನು. "ಐದ್ ವರ್ಷ ಮಾರಿ ತೋರಿಸಿಲ್ರಿ. ಮೊನ್ನೆ ಬಂದು ಹೆಗಲ ಮ್ಯಾಲೆ ಕೈ ಹಾಕಿ, ನಿನ್ನ ಹೆಸರೇನು ಅಂತ ಕೇಳಿದ."

"ಹಾಗಾದರೆ ಇನ್ನೊಬ್ಬರಿಗೆ ಹಾಕಿ," ಅಂದೆ.

"ಅಂವಾ ಇವನಕಿಂತ ಖೊಟ್ಟಿ. ಮತ್ತ ಇದು ನಮ್ಮಪ್ಪ ಕುಂತ ಬೆಂಚ್ ಐತ್ರಿ."

ಎದ್ದು ಶಾಲೆಯ ಮತಗಟ್ಟೆಗೆ ಹೋದರು. ಬಸ್ಸಿಗಿಂತ ಮೊದಲು ಅವರೇ ತಿರುಗಿ ಬಂದರು, ಬೆರಳಿಗೆ ಶಾಯಿ. ನಾನು ಸರಿದರೂ ಕೂರಲಿಲ್ಲ. ಆಗ ಗಮನಿಸಿದೆ: ಶಾಯಿ ಹತ್ತಿದವರೆಲ್ಲ, ಆ ಪಕ್ಷದವರೂ ಈ ಪಕ್ಷದವರೂ, ನಿಂತೇ ಚಹಾ ಕುಡಿಯುತ್ತಿದ್ದರು. ಎರಡು ಬೆಂಚಿಗೂ ಸೇರಿ ಕೂತವನು ನಾನೊಬ್ಬನೇ.

"ಓಟ್ ಹಾಕಿ ಬಂದ ಮ್ಯಾಲೆ ಇವತ್ತ ಯಾರೂ ಕುಂಡ್ರಂಗಿಲ್ರಿ. ಯಾರಿಗೆ ಹಾಕಿದ್ರು ಅಂತ ಬೆಂಚಿಗೂ ಗೊತ್ತಾಗಬಾರ್ದು," ಅಂದಳು ಅಂಗಡಿಯಾಕೆ, ಕಪ್ಪು ತೊಳೆಯುತ್ತ. "ನಾಳೆ ಮುಂಜಾನಿ ಬರ್ರಿ, ನಿಮಗ ಜಾಗಾ ಸಿಗೂದಿಲ್ಲ."